ಚಿತ್ರಫಲಕದ ಕನ್ನಡದಲ್ಲಿ ವಿಭಕ್ತಿವಿಚಾರ

ಮಾತು ಬಾರದ ಮಗುವಿಗೆ ಮಾತನ್ನು ಒದಗಿಸಿಕೊಡುವ ಮೊಬೈಲ್ ಆ್ಯಪ್‌ಗಳು ವಿಶೇಷ ಶಿಕ್ಷಣದ ಶಾಲೆಗಳಲ್ಲಿ ಈಗ ಅಪರೂಪವಲ್ಲ. ಇವುಗಳ ಗುಣದೋಷವಿಚಾರವು ವೈದ್ಯರಿಗೂ ವಾಕ್‌ಚಿಕಿತ್ಸಕರಿಗೂ ಯಂತ್ರಜ್ಞರಿಗೂ ಸೇರಿದ್ದೆಂದು ತಿಳಿದು, ಭಾಷೆಯನ್ನೂ ಸಾಹಿತ್ಯವನ್ನೂ ವ್ಯಾಸಂಗಮಾಡತಕ್ಕವರು ಬಹುಮಟ್ಟಿಗೆ ದೂರವೇ ಉಳಿದಿದ್ದಾರೆ. ಇದು ಸಮಂಜಸವಲ್ಲ. ಗಾಜಿನ ಮುಖವನ್ನು ಸರಿಸಿ ನೋಡಿದರೆ ಆ ಆ್ಯಪ್‌ನೊಳಗೆ ಇರುವ ಸರಕೆಲ್ಲವೂ ಪದ, ಪ್ರತ್ಯಯ, ವಾಕ್ಯ ಇವಿಷ್ಟೆ. ಯಾವ ಪದ ಮೊದಲು, ಯಾವ ಪದದ ಪಕ್ಕದಲ್ಲಿ ಯಾವುದು, ಎರಡನ್ನು ಕೂಡಿಸಿದಾಗ ಯಾವ ರೂಪ ಹೊರಡಬೇಕು ಎಂಬವು ವ್ಯಾಕರಣದ ಪ್ರಶ್ನೆಗಳು. ಅವುಗಳನ್ನು ವೈಯಾಕರಣರು ಬಿಡಿಸಿಕೊಡದಿದ್ದರೆ ಬೇರೆಯವರು ತಮಗೆ ತೋಚಿದಂತೆ ಬಿಡಿಸುತ್ತಾರೆ. ಅದರ ಫಲವನ್ನು ಅನುಭವಿಸತಕ್ಕದ್ದು ಬೇರೊಂದು ನಾಲಗೆಯಿಲ್ಲದ ಮಗು.

ಉಪಕರಣದ ಸ್ವರೂಪವನ್ನು ಮೊದಲು ಹೇಳಬೇಕು. ಸೆರೆಬ್ರಲ್ ಪಾಲ್ಸಿಯಿಂದ ನಾಲಗೆ ತುಟಿಗಳು ಸ್ವಾಧೀನದಲ್ಲಿಲ್ಲದ ಮಕ್ಕಳು, ಆಟಿಸಂ ಇದ್ದು ಮಾತು ಹೊರಡದ ಮಕ್ಕಳು, ಇಂಥವರ ಮುಂದೆ ಫೋನನ್ನೋ ಟ್ಯಾಬ್ಲೆಟನ್ನೋ ಇಡುತ್ತಾರೆ. ಅದರ ಮೇಲೆ ಚೌಕಚೌಕವಾಗಿ ಚಿತ್ರಗಳಿರುತ್ತವೆ. ಒಂದೊಂದು ಚಿತ್ರವೂ ಒಂದೊಂದು ಗುಂಡಿ. ಮಗು ಚಿತ್ರವನ್ನು ಮುಟ್ಟಿದರೆ ಯಂತ್ರವು ಆ ಪದವನ್ನು ಉಚ್ಚರಿಸುತ್ತದೆ. ಎರಡು ಮೂರು ಚಿತ್ರಗಳನ್ನು ಕ್ರಮವಾಗಿ ಮುಟ್ಟಿದರೆ ಒಂದು ಸಾಲು ಸಿದ್ಧವಾಗಿ, ಅದನ್ನು ಒಟ್ಟಾಗಿ ಓದುತ್ತದೆ. ಹಿಂದೆ ಇದೇ ಕೆಲಸವನ್ನು ಮರದ ಹಲಗೆಯ ಮೇಲೆ ಅಂಟಿಸಿದ ಕಾಗದದ ಚಿತ್ರಗಳೂ, ಬಹಳ ಬೆಲೆಯ ಪ್ರತ್ಯೇಕ ಯಂತ್ರಗಳೂ ಮಾಡುತ್ತಿದ್ದುವು. 2009ರಲ್ಲಿ ‘ಪ್ರೊಲೊಕ್ವೊ ಟು ಗೋ’ ಎಂಬ ಆ್ಯಪ್ ಹೊರಬಂದಮೇಲೆ ಈ ಸೌಕರ್ಯವು ಎಲ್ಲರೂ ಹಿಡಿಯುವ ಫೋನಿಗೆ ಇಳಿಯಿತು. ಭಾರತದಲ್ಲಿ, ಚೆನ್ನೈಯಲ್ಲಿ ಅಜಿತ್ ನಾರಾಯಣನ್ ಅವರ ನೇತೃತ್ವದಲ್ಲಿ ಸಿದ್ಧವಾದ ‘ಆವಾಜ್’ ಮೊದಲು ಪ್ರತ್ಯೇಕ ಉಪಕರಣವಾಗಿದ್ದು, ಅನಂತರ ಟ್ಯಾಬ್ಲೆಟ್ಟಿನ ಆ್ಯಪ್ ಆಯಿತು; ಮುಂಬಯಿಯ ಐಐಟಿಯಲ್ಲಿ ‘ಜೆಲ್ಲೋ’ ಎಂಬುದು ರೂಪುಗೊಂಡಿತು.

ಈ ಎಲ್ಲ ಫಲಕಗಳ ಹಿಂದೆ ಒಂದು ಹಳೆಯ ನಂಬಿಕೆ ಅಡಗಿದೆ: ಚಿತ್ರವು ಭಾಷೆಗಿಂತ ಮೇಲಿನದು, ಅದು ಎಲ್ಲ ದೇಶದವರಿಗೂ ಒಂದೇ ಎಂಬುದು. ಈ ನಂಬಿಕೆಯನ್ನು ಪರಮಾವಧಿಗೆ ಕೊಂಡೊಯ್ದವನು ಚಾರ್ಲ್ಸ್ ಬ್ಲಿಸ್. 1897ರಲ್ಲಿ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಚೆರ್ನೊವಿಟ್ಸ್ ನಗರದಲ್ಲಿ ಹುಟ್ಟಿ, ನಾಟ್ಸಿಗಳ ಸೆರೆಶಿಬಿರಗಳನ್ನು ಕಂಡು, ಶಾಂಘೈಗೆ ಹೋಗಿ, ಅಲ್ಲಿ ಚೀನೀ ಲಿಪಿಯನ್ನು ನೋಡಿ ಬೆರಗಾದ ಈತನು, ಜನರು ಮಾತುಗಳಿಂದ ಮೋಸಹೋಗದಂತೆ ಅರ್ಥವನ್ನೇ ನೇರವಾಗಿ ಬರೆಯುವ ಚಿಹ್ನೆಗಳನ್ನು ಕಲ್ಪಿಸಿ, 1949ರಲ್ಲಿ ಆಸ್ಟ್ರೇಲಿಯದಲ್ಲಿ ಅದರ ಗ್ರಂಥವನ್ನು ಪ್ರಕಟಿಸಿದನು. ರಾಷ್ಟ್ರಗಳ ನಡುವಣ ಶಾಂತಿಗಾಗಿ ಹುಟ್ಟಿದ ಆ ಲಿಪಿ ರಾಷ್ಟ್ರಗಳಿಗೆ ಬೇಡವಾಯಿತು. 1971ರಲ್ಲಿ ಟೊರಾಂಟೊ ನಗರದ ಅಂಗವಿಕಲ ಮಕ್ಕಳ ಕೇಂದ್ರದಲ್ಲಿ ಶರ್ಲಿ ಮೆಕ್‌ನಾಟನ್ ಎಂಬ ಅಧ್ಯಾಪಿಕೆ ಅದನ್ನು ಮಾತಿಲ್ಲದ ಮಕ್ಕಳ ಕೈಗೆ ಕೊಟ್ಟರು. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಭಾಷಾತೀತವೆಂದು ಹೊರಟ ಆ ಲಿಪಿಯಲ್ಲಿಯೂ ಚಿಹ್ನೆಯು ವಸ್ತುವನ್ನು ಹೇಳಿದರೆ ತಲೆಯ ಮೇಲೆ ಸಣ್ಣ ಚೌಕ, ಕ್ರಿಯೆಯನ್ನು ಹೇಳಿದರೆ ಸಣ್ಣ ಗೋಪುರ ಎಂಬ ಗುರುತುಗಳನ್ನು ಬ್ಲಿಸ್ ಇಡಬೇಕಾಯಿತು. ನಾಮ ಮತ್ತು ಆಖ್ಯಾತಗಳ ಭೇದವನ್ನು ಹೊರಗೆ ಅಟ್ಟಿದವನೇ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡನು. ಮುಂದೆ ಅಧ್ಯಾಪಕರು ತಮ್ಮ ಮಕ್ಕಳ ಅಗತ್ಯಕ್ಕೆ ತಕ್ಕಂತೆ ಚಿಹ್ನೆಗಳನ್ನು ಬದಲಿಸಿದಾಗ ಆತನು ಕೋಪಗೊಂಡು ಬಹುಕಾಲ ಅವರೊಡನೆ ಜಗಳವಾಡಿದ್ದೂ ಪ್ರಸಿದ್ಧವೇ. ಆ ಜಗಳದಲ್ಲಿ ನ್ಯಾಯವು ಅಧ್ಯಾಪಕರ ಕಡೆ ಇದ್ದಂತೆ ತೋರುತ್ತದೆ.

ಚಿತ್ರಕ್ಕೆ ಸಾಧ್ಯವಾದುದು ಏನು, ಅಸಾಧ್ಯವಾದುದು ಏನು? ನೀರು, ಚೆಂಡು, ಹಸು, ಅಮ್ಮ, ಇವುಗಳನ್ನು ಬರೆಯಬಹುದು. ಓಡು, ತಿನ್ನು, ಮಲಗು, ಇವುಗಳನ್ನೂ ಹೇಗೋ ಬರೆಯಬಹುದು. ಆದರೆ ‘ಗೆ’ ಎಂಬುದನ್ನು ಬರೆಯಲಾಗದು. ‘ಅನ್ನು’, ‘ಇಂದ’ ಎಂಬವುಗಳಿಗೆ ಚಿತ್ರವಿಲ್ಲ. ಸಂಬಂಧವು ಕಣ್ಣಿಗೆ ಕಾಣುವ ವಸ್ತುವಲ್ಲ. ಇಂಗ್ಲಿಷಿನಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ. ಆ ಭಾಷೆಯಲ್ಲಿ ಸಂಬಂಧವನ್ನು ಬಹುಮಟ್ಟಿಗೆ ಪದಗಳ ಸ್ಥಾನವೇ ಹೇಳುತ್ತದೆ. ಉಳಿದುದನ್ನು ಇನ್, ಟು, ವಿತ್ ಮುಂತಾದ ಬಿಡಿಪದಗಳು ಹೇಳುತ್ತವೆ. ಬಿಡಿಪದವಾದಮೇಲೆ ಅದಕ್ಕೊಂದು ಗುಂಡಿಯನ್ನು ಕೊಡುವುದು ಸುಲಭ. ನಿತ್ಯಸಂಭಾಷಣೆಯಲ್ಲಿ ಕೆಲವು ನೂರು ಪದಗಳೇ ನೂರಕ್ಕೆ ಸುಮಾರು 80ರಷ್ಟು ಪ್ರಯೋಗವನ್ನು ಆಕ್ರಮಿಸುತ್ತವೆಂದು ಅಲ್ಲಿನ ತಜ್ಞರು ಎಣಿಸಿ, ಆ ಪದಗಳಿಗೆ ‘ತಿರುಳುಪದಗಳು’ ಎಂಬರ್ಥದ ಹೆಸರಿಟ್ಟು, ಫಲಕದ ಮುಖ್ಯ ಸ್ಥಾನದಲ್ಲಿ ಅವುಗಳನ್ನೇ ಕೂರಿಸುತ್ತಾರೆ. ಕನ್ನಡಕ್ಕೆ ಬಂದರೆ ಆ ತಿರುಳಿನ ದೊಡ್ಡ ಭಾಗವು ಪದವಾಗಿಯೇ ಇಲ್ಲ. ಪ್ರತ್ಯಯವಾಗಿ ಇನ್ನೊಂದು ಪದದ ಬಾಲಕ್ಕೆ ಅಂಟಿಕೊಂಡಿದೆ. ಇಂಗ್ಲಿಷಿನ ಫಲಕವನ್ನು ಗುಂಡಿಗೊಂದು ಪದದಂತೆ ಭಾಷಾಂತರಿಸಿದರೆ ಅಂಟು ಉದುರಿಹೋಗಿ ಬರಿಯ ನಾಮಪದಗಳ ರಾಶಿ ಉಳಿಯುತ್ತದೆ. ನಾಮಪ್ರಕರಣದ ಮೊದಲ ಪುಟದಲ್ಲಿಯೇ ನಿಂತುಹೋದ ವ್ಯಾಕರಣವಿದು.

ಇದು ಪಂಡಿತರ ಶಂಕೆ ಮಾತ್ರವಲ್ಲವೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಇಂಗ್ಲಿಷಿನ ಫಲಕಗಳಲ್ಲಿ ಮಗುವಿಗೆ ಮೊಟ್ಟಮೊದಲು ಕಲಿಸುವ ವಾಕ್ಯ ‘ಐ ವಾಂಟ್’ ಎಂಬುದು. ಐ ಎಂಬಲ್ಲಿ ‘ನಾನು’, ವಾಂಟ್ ಎಂಬಲ್ಲಿ ‘ಬೇಕು’ ಎಂದು ಬರೆದರೆ ಮಗುವಿನ ಬೆರಳು ‘ನಾನು ಬೇಕು’ ಎನ್ನುತ್ತದೆ. ಬಾಯಾರಿದ ಮಗು ನೀರನ್ನು ಕೇಳಹೊರಟು, ಇತರರಿಗೆ ತಾನು ಬೇಕಾದವನೆಂದು ಸಾರಿದಂತಾಗುತ್ತದೆ. ಮನೆಯವರು ಸಂದರ್ಭದಿಂದ ಅರ್ಥಮಾಡಿಕೊಂಡಾರು, ನಿಜ. ಆದರೆ ಸುತ್ತಲಿನವರೆಲ್ಲರ ಬಾಯಲ್ಲಿ ‘ನನಗೆ ಬೇಕು’ ಎಂದು ಕೇಳುತ್ತಿರುವ ಮಗುವಿಗೆ, ತನ್ನ ಯಂತ್ರ ಮಾತ್ರ ‘ನಾನು ಬೇಕು’ ಎಂದು ಹೇಳುವುದು ಏನನ್ನು ಕಲಿಸೀತು? ಕಿವಿಯ ಕನ್ನಡ ಒಂದು, ಬೆರಳಿನ ಕನ್ನಡ ಇನ್ನೊಂದು ಎಂಬ ಒಡಕನ್ನು ಮಾತ್ರ ಕಲಿಸೀತು.

‘ಬೇಕು’ ಒಂಟಿಯಾದ ಅಪವಾದವಾಗಿದ್ದರೆ ಅದೊಂದನ್ನು ತಿದ್ದಿ ಸುಮ್ಮನಾಗಬಹುದಾಗಿತ್ತು. ಚಿಕ್ಕ ಮಗುವು ತನ್ನ ವಿಷಯವಾಗಿ ಹೇಳಿಕೊಳ್ಳಬೇಕಾದ ಮಾತುಗಳನ್ನು ಪಟ್ಟಿಮಾಡಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನನಗೆ ಹಸಿವು, ನನಗೆ ಬಾಯಾರಿಕೆ, ನನಗೆ ಚಳಿ, ನನಗೆ ನೋವು, ನನಗೆ ಹೆದರಿಕೆ, ನನಗೆ ನಿದ್ದೆ ಬರುತ್ತಿದೆ, ನನಗೆ ಇಷ್ಟ, ನನಗೆ ಗೊತ್ತು, ನನಗೆ ಸಾಕು. ಇಂಗ್ಲಿಷಿನಲ್ಲಿ ಇವುಗಳಲ್ಲಿ ಬಹುಪಾಲಿಗೆ ಕರ್ತೃವು ‘ಐ’. ಕನ್ನಡದಲ್ಲಿ ಎಲ್ಲಕ್ಕೂ ಚತುರ್ಥಿ. ಹಸಿವನ್ನೂ ನೋವನ್ನೂ ಕನ್ನಡಿಗನು ಮಾಡುವವನಲ್ಲ. ಅವು ಅವನಿಗೆ ಆಗತಕ್ಕವು. ‘ನಾನು’ ಎಂಬ ಪ್ರಥಮೆ ಬೇಕಾಗುವುದು ಮಗು ಏನಾದರೊಂದು ಕೆಲಸವನ್ನು ಮಾಡಿದಾಗ: ನಾನು ಬಂದೆ, ನಾನು ತಿಂದೆ. ಕೈಕಾಲು ಸ್ವಾಧೀನವಿಲ್ಲದ ಮಗುವಿನ ದಿನದಲ್ಲಿ ಆಗತಕ್ಕ ಸಂಗತಿಗಳೇ ಮಾಡತಕ್ಕ ಕೆಲಸಗಳಿಗಿಂತ ಹೆಚ್ಚೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಕನ್ನಡ ಫಲಕದ ಮೊದಲ ಗುಂಡಿ ‘ನನಗೆ’ ಆಗಿರಬೇಕು. ‘ನಾನು’ ಅದರ ಹಿಂದೆ ಬರಬೇಕು.

ಸಂಸ್ಕೃತ ವೈಯಾಕರಣರಿಗೆ ಇದು ಅಪರಿಚಿತವಾದುದಲ್ಲ. ರುಚಿಸುವುದೆಂಬ ಅರ್ಥದ ಧಾತುಗಳಿಗೆ, ಯಾರಿಗೆ ಪ್ರೀತಿಯಾಗುತ್ತದೆಯೋ ಅವನಿಗೆ ಸಂಪ್ರದಾನಸಂಜ್ಞೆಯನ್ನು ಪಾಣಿನಿ ಪ್ರತ್ಯೇಕವಾಗಿ ವಿಧಿಸಿದ್ದಾನೆ. ಅಲ್ಲಿ ಕೆಲವೇ ಧಾತುಗಳಿಗೆ ಮೀಸಲಾದ ಈ ಕ್ರಮವು ಇಂದಿನ ಭಾರತೀಯ ಭಾಷೆಗಳಲ್ಲಿ ವಿಸ್ತಾರವಾಗಿ ಹರಡಿದೆ. ತಮಿಳಿನ ‘ಎನಕ್ಕು ವೇಂಡುಂ’, ತೆಲುಗಿನ ‘ನಾಕು ಕಾವಾಲಿ’, ಮರಾಠಿಯ ‘ಮಲಾ ಪಾಹಿಜೆ’, ಹಿಂದಿಯ ‘ಮುಝೇ ಚಾಹಿಯೇ’ ಇವೆಲ್ಲವೂ ಒಂದೇ ಎರಕದವು. ಭಾರತವನ್ನು ಒಂದೇ ಭಾಷಾಪ್ರದೇಶವೆಂದು ಎಮೆನೋ ಪಂಡಿತನು 1956ರಲ್ಲಿ ಪ್ರತಿಪಾದಿಸಿದಮೇಲೆ, ಅವನ ದಾರಿಯಲ್ಲಿ ನಡೆದವರು ಆ ಪ್ರದೇಶದ ಲಕ್ಷಣಗಳಲ್ಲಿ ಇದನ್ನೂ ಸೇರಿಸಿದ್ದಾರೆ. ಹೀಗಿರಲು ಇದು ಕನ್ನಡವೊಂದರ ಹಟವಲ್ಲ. ಈ ದೇಶದಲ್ಲಿ ಫಲಕವನ್ನು ರಚಿಸುವವರೆಲ್ಲರೂ ಮೊದಲಿಗೆ ಇತ್ಯರ್ಥಪಡಿಸಬೇಕಾದ ವಿಷಯ.

ಇಷ್ಟು ಹೇಳಿದಮೇಲೆ ಕನ್ನಡವು ಇಂಥ ಮಕ್ಕಳಿಗೆ ತೊಡಕಿನ ಭಾಷೆಯೆಂದು ಯಾರಾದರೂ ತೀರ್ಮಾನಿಸಬಹುದು. ವಾಸ್ತವ ಹಾಗಿಲ್ಲ. ಬೇಕು, ಬೇಡ, ಸಾಕು, ಉಂಟು, ಇಲ್ಲ, ಹೌದು, ಅಲ್ಲ ಎಂಬವುಗಳನ್ನು ಶಾಲೆಯ ವ್ಯಾಕರಣಗಳು ಕ್ರಿಯಾರ್ಥಕಾವ್ಯಯಗಳೆಂದು ಕರೆಯುತ್ತವೆ. ಅವ್ಯಯವೆಂದರೆ ವ್ಯಯವಾಗದ್ದು, ಲಿಂಗ ವಚನ ಪುರುಷಗಳಿಗಾಗಿ ರೂಪವನ್ನು ಬದಲಿಸದೆ ನಿಲ್ಲುವಂಥದ್ದು. ಇಂಗ್ಲಿಷಿನ ಮಗು ವಾಂಟ್, ವಾಂಟ್ಸ್ ಎಂದು ಎರಡು ರೂಪಗಳನ್ನು ಹುಡುಕಬೇಕು. ಕನ್ನಡದ ಮಗುವಿಗೆ ನನಗೆ, ನಿನಗೆ, ಅವಳಿಗೆ, ಅವರಿಗೆ ಎಲ್ಲಕ್ಕೂ ಒಂದೇ ‘ಬೇಕು’. ಗುಂಡಿಗೆ ಒಂದು ರೂಪವನ್ನು ಮಾತ್ರ ಕೊಡಬಲ್ಲ ಯಂತ್ರಕ್ಕೆ ಇದಕ್ಕಿಂತ ಅನುಕೂಲವಾದ ಪದವಿಲ್ಲ. ಅಷ್ಟೇ ಅಲ್ಲ, ‘ಬೇಕು’ ಎಂಬುದೊಂದೇ ಕನ್ನಡದಲ್ಲಿ ಪೂರ್ಣವಾಕ್ಯ. ‘ವಾಂಟ್’ ಎಂದಷ್ಟೇ ಹೇಳಿದ ಇಂಗ್ಲಿಷ್ ಮಗುವನ್ನು ಅಪೂರ್ಣವಾಕ್ಯದವನೆಂದು ತಿದ್ದುತ್ತಾರೆ. ‘ಬೇಕು’ ಎಂದ ಕನ್ನಡದ ಮಗುವಿನ ಮಾತಿನಲ್ಲಿ ತಿದ್ದತಕ್ಕದ್ದೇನೂ ಇಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಅವ್ಯಯಪ್ರಕರಣ ಕೊನೆಯದು. ವೈಯಾಕರಣರು ಅವ್ಯಯಗಳನ್ನು ಕಡೆಯಲ್ಲಿ ಇಟ್ಟದ್ದು ಶಾಸ್ತ್ರದ ಅನುಕೂಲಕ್ಕೆ. ಮಗುವಿನ ಫಲಕದಲ್ಲಿ ಅವು ಮೊದಲ ಪಂಕ್ತಿಗೆ ಬರಬೇಕು.

ನಿಷೇಧದ ವಿಷಯ ಇನ್ನೂ ಮುಖ್ಯವಾದುದು. ಇಂಗ್ಲಿಷಿನ ಮಕ್ಕಳ ಮೊದಲ ಮಾತುಗಳನ್ನು ಪರಿಶೀಲಿಸಿದ ಲೋಯಿಸ್ ಬ್ಲೂಮ್ 1970ರ ತಮ್ಮ ಗ್ರಂಥದಲ್ಲಿ, ಮಗುವಿನ ‘ನೋ’ ಎಂಬ ಒಂದೇ ಮಾತಿನೊಳಗೆ ಮೂರು ಅರ್ಥಗಳಿವೆಯೆಂದು ತೋರಿಸಿದರು: ಒಂದು ವಸ್ತು ಅಲ್ಲಿ ಇಲ್ಲವೆಂಬುದು, ಕೊಟ್ಟದ್ದು ತನಗೆ ಬೇಡವೆಂಬುದು, ಹೇಳಿದ್ದು ಸತ್ಯವಲ್ಲವೆಂಬುದು. ಸೂಕ್ಷ್ಮವಾಗಿ ಬಿಡಿಸಿ ತೆಗೆಯಬೇಕಾದ ಈ ಮೂರು ಭೇದಗಳಿಗೆ ಕನ್ನಡದಲ್ಲಿ ಇಲ್ಲ, ಬೇಡ, ಅಲ್ಲ ಎಂಬ ಮೂರು ಪದಗಳು ಸಿದ್ಧವಾಗಿಯೇ ಇವೆ. ಪ್ರತಿಯೊಂದಕ್ಕೂ ಅದರದರ ಜೋಡಿಯೂ ಉಂಟು: ಉಂಟು ಮತ್ತು ಇಲ್ಲ, ಬೇಕು ಮತ್ತು ಬೇಡ, ಹೌದು ಮತ್ತು ಅಲ್ಲ. ಇಂಗ್ಲಿಷಿನ ‘ಯೆಸ್’, ‘ನೋ’ ಎಂಬ ಎರಡು ಗುಂಡಿಗಳನ್ನು ‘ಹೌದು’, ‘ಇಲ್ಲ’ ಎಂದು ಪರಿವರ್ತಿಸಿದರೆ ಒಂದು ಜೋಡಿಯ ಬಲಗಾಲನ್ನೂ ಇನ್ನೊಂದು ಜೋಡಿಯ ಎಡಗಾಲನ್ನೂ ಕಟ್ಟಿದಂತಾಗುತ್ತದೆ. ಹಾಲು ಬೇಕೇ ಎಂದರೆ ಮಗು ‘ಇಲ್ಲ’ವೆನ್ನುತ್ತದೆ, ಹಾಲು ಎದುರಿಗೇ ಇದೆ. ಇದು ನಿನ್ನ ಪುಸ್ತಕವೇ ಎಂದರೆ ಮತ್ತೆ ‘ಇಲ್ಲ’. ಪುಸ್ತಕವೂ ಎದುರಿಗೇ ಇದೆ.

ಇದರಲ್ಲಿ ‘ಬೇಡ’ ಎಂಬುದರ ಅಭಾವವು ಬರಿಯ ವ್ಯಾಕರಣದೋಷವಾಗಿ ಉಳಿಯುವುದಿಲ್ಲ. ಬೇಡವೆನ್ನಲು ಸಾಧನವಿಲ್ಲದ ಮಗು ಲೋಟವನ್ನು ತಳ್ಳುತ್ತದೆ, ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತದೆ. ನೋಡಿದವರು ಅದನ್ನು ಹಟವೆಂದೂ ದುರ್ನಡತೆಯೆಂದೂ ಬರೆದಿಡುತ್ತಾರೆ. ಇಂಥ ನಡತೆಯು ಅನೇಕ ವೇಳೆ ಮಾತಿನ ಬದಲಿಗೆ ಬಂದದ್ದೆಂದೂ, ಅದೇ ಪ್ರಯೋಜನವನ್ನು ಕೊಡುವ ಮಾತನ್ನು ಕಲಿಸಿದರೆ ಅದು ಇಳಿಯುತ್ತದೆಂದೂ ಕಾರ್ ಮತ್ತು ಡ್ಯುರಂಡ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿಯೇ ತೋರಿಸಿದ್ದಾರೆ. ಫಲಕದಲ್ಲಿ ತಿಂಡಿಗಳ ಚಿತ್ರಗಳನ್ನು ಎರಡು ಪುಟ ತುಂಬಿ, ‘ಬೇಡ’ ಎಂಬುದನ್ನು ಮೂರನೆಯ ಪುಟದ ಮೂಲೆಗೆ ಹಾಕುವ ರಚನೆಯು ಮಗುವನ್ನು ಬೇಡುವವನೆಂದು ಮಾತ್ರ ತಿಳಿಯುತ್ತದೆ, ನಿರಾಕರಿಸಬಲ್ಲವನೆಂದು ತಿಳಿಯುವುದಿಲ್ಲ.

ಇನ್ನು ಪ್ರತ್ಯಯಗಳ ತೊಡಕಿಗೆ ಆ್ಯಪ್‌ಗಳು ಕಂಡುಕೊಂಡ ಪರಿಹಾರಗಳನ್ನು ವಿಮರ್ಶಿಸಬೇಕು. ಎರಡು ದಾರಿಗಳು ಮುಖ್ಯವಾಗಿ ತೋರುತ್ತವೆ. ಒಂದು ಜೆಲ್ಲೋವಿನದು. ಅದರ ಅಂಚಿನಲ್ಲಿ ಆರು ಭಾವದ ಗುಂಡಿಗಳಿವೆ: ಇಷ್ಟ, ಹೌದು, ಇನ್ನಷ್ಟು, ಇವುಗಳಿಗೆ ಎದುರಾಗಿ ಇಷ್ಟವಿಲ್ಲ, ನಿಷೇಧ, ಕಡಿಮೆ. ಮಗು ಒಂದು ವಸ್ತುವಿನ ಚಿತ್ರವನ್ನು ಮುಟ್ಟಿ ಅನಂತರ ಭಾವದ ಗುಂಡಿಯನ್ನು ಮುಟ್ಟಿದರೆ, ಮೊದಲೇ ಬರೆದಿಟ್ಟ ಪೂರ್ಣವಾಕ್ಯವು ಹೊರಡುತ್ತದೆ. ವಾಕ್ಯವನ್ನು ತಿಳಿದವರು ಮುಂಚಿತವಾಗಿ ರಚಿಸಿರುವುದರಿಂದ ವಿಭಕ್ತಿ ತಪ್ಪುವ ಪ್ರಮೇಯವಿಲ್ಲ. ಎರಡು ಸ್ಪರ್ಶಕ್ಕೆ ಒಂದು ಶುದ್ಧವಾಕ್ಯ ದೊರೆಯುವುದು ಸಣ್ಣ ಉಪಕಾರವಲ್ಲ. ಬೆರಳೆತ್ತುವುದೇ ಪ್ರಯಾಸವಾದ ಮಗುವಿಗೆ ಅದು ದೊಡ್ಡ ಉಪಕಾರ. ಆದರೆ ಬರೆದಿಡದ ಮಾತು ಅಲ್ಲಿ ಹುಟ್ಟಲಾರದು. ಹಸುವಿಗೆ ಹೆದರಿಕೆಯಾಗಿದೆ ಎಂದು ಮಗುವಿಗೆ ತೋಚಿದರೆ, ಆ ತೋಚಿಕೆಯನ್ನು ಯಾರೂ ಮುನ್ನೆಣಿಸಿರುವುದಿಲ್ಲ. ಗಾದೆಗಳನ್ನು ಮಾತ್ರ ಕಲಿತವನ ಸಂಭಾಷಣೆಯಂತೆ, ಎಲ್ಲವೂ ಸರಿಯಾಗಿರುತ್ತದೆ, ತನ್ನದು ಯಾವುದೂ ಇರುವುದಿಲ್ಲ.

ಎರಡನೆಯ ದಾರಿ ಅಜಿತ್ ನಾರಾಯಣನ್ 2013ರ ಟೆಡ್ ಸಭೆಯಲ್ಲಿ ಪ್ರದರ್ಶಿಸಿದ ‘ಫ್ರೀಸ್ಪೀಚ್’. ಇಲ್ಲಿ ಪದಗಳನ್ನು ಸಾಲಾಗಿ ಪೋಣಿಸುವುದಿಲ್ಲ. ಕ್ರಿಯೆಯ ಚಿತ್ರವೊಂದನ್ನು ಇಟ್ಟು, ಅದರಿಂದ ಯಾರು, ಏನು, ಎಂದು, ಎಲ್ಲಿ ಎಂಬ ಪ್ರಶ್ನೆಗಳ ಗೆರೆಗಳನ್ನು ಎಳೆದು, ಪ್ರತಿ ಗೆರೆಯ ತುದಿಗೂ ಉತ್ತರದ ಚಿತ್ರವನ್ನು ಕೂಡಿಸುತ್ತಾರೆ. ಹಿಂದೂ ಮುಂದೂ ಎಂಬ ಕ್ರಮವಿಲ್ಲದ ಈ ಬಲೆಯಿಂದ ಯಂತ್ರವು ತಾನೇ ವ್ಯಾಕರಣಶುದ್ಧವಾದ ವಾಕ್ಯವನ್ನು ಹೆಣೆಯುತ್ತದೆ. ಅರ್ಥಸಂಬಂಧವನ್ನು ಮಗು ಕೊಡಬೇಕು, ರೂಪವನ್ನು ಯಂತ್ರ ಕೊಡಬೇಕು ಎಂಬ ಈ ವಿಭಾಗವು, ಕಾರಕವನ್ನು ಒಂದು ಕಡೆಯೂ ವಿಭಕ್ತಿಯನ್ನು ಇನ್ನೊಂದು ಕಡೆಯೂ ಇಟ್ಟ ಪಾಣಿನಿಯ ವಿಭಾಗಕ್ಕೆ ಬಹಳ ಹತ್ತಿರ ಬರುತ್ತದೆ. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಕಾರಣವೆಂದು ಶಾಸ್ತ್ರಕಾರರು ಹೇಳುವುದುಂಟು. ಸಾಮಾನ್ಯ ಚಿತ್ರಫಲಕದಲ್ಲಿ ಇರುವುದು ಸನ್ನಿಧಿ ಮಾತ್ರ: ನೀರು, ಅಮ್ಮ, ಕುಡಿ ಎಂದು ಪಕ್ಕಪಕ್ಕದಲ್ಲಿ ನಿಂತ ಪದಗಳು. ಅಮ್ಮ ಕುಡಿಯುವಳೋ, ಅಮ್ಮನಿಗೆ ಕುಡಿಸಬೇಕೋ ಎಂಬುದನ್ನು ಕೇಳುವವನು ಊಹಿಸಬೇಕು. ಫ್ರೀಸ್ಪೀಚ್ ಸನ್ನಿಧಿಯನ್ನು ಕೈಬಿಟ್ಟು ಆಕಾಂಕ್ಷೆಯನ್ನೇ ಗೆರೆಯಾಗಿ ಎಳೆದು ತೋರಿಸುತ್ತದೆ. ಈ ಕ್ಷೇತ್ರದಲ್ಲಿ ಇದುವರೆಗೆ ಕಾಣಬಂದ ಕಲ್ಪನೆಗಳಲ್ಲಿ ಇದು ಅತ್ಯಂತ ಫಲವತ್ತಾದುದೆನ್ನಬಹುದು.

ಆದರೂ ಆ ಪ್ರದರ್ಶನದ ಭಾಷೆ ಇಂಗ್ಲಿಷು. ಅಲ್ಲಿನ ಪ್ರಶ್ನೆಗಳನ್ನು ಹಾಗೆಯೇ ತಂದರೆ ಹಿಂದಿನ ತೊಡಕು ಇನ್ನೊಂದು ವೇಷದಲ್ಲಿ ಮರಳುತ್ತದೆ. ‘ತಿನ್ನು’ ಎಂಬುದರಿಂದ ‘ಯಾರು’ ಎಂಬ ಗೆರೆ ಹೊರಡುವುದು ಸರಿ. ‘ಹಸಿವು’ ಎಂಬುದರಿಂದ ‘ಯಾರು’ ಎಂದು ಹೊರಟರೆ ತಪ್ಪು, ಅಲ್ಲಿ ‘ಯಾರಿಗೆ’ ಎಂದೇ ಕೇಳಬೇಕು. ಯಾವ ಕ್ರಿಯೆಗೆ ಯಾವ ಆಕಾಂಕ್ಷೆ ಎಂಬುದನ್ನು ಕ್ರಿಯೆಕ್ರಿಯೆಗೂ ನಿರ್ಣಯಿಸಿ ಬರೆದಿಟ್ಟ ಕೋಶವೊಂದು ಕನ್ನಡಕ್ಕೆ ಬೇಕಾಗುತ್ತದೆ. ಒಂದು ಅನುಕೂಲವೂ ಇದೆ: ಯಾರು, ಯಾರನ್ನು, ಯಾರಿಂದ, ಯಾರಿಗೆ, ಯಾರ, ಯಾರಲ್ಲಿ ಎಂದು ಕನ್ನಡದ ಪ್ರಶ್ನೆಪದವೇ ವಿಭಕ್ತಿಯನ್ನು ಹೊತ್ತುಕೊಂಡಿರುವುದರಿಂದ ಉತ್ತರಕ್ಕೆ ಹತ್ತಬೇಕಾದ ಪ್ರತ್ಯಯವು ಪ್ರಶ್ನೆಯಲ್ಲಿಯೇ ಕಾಣುತ್ತದೆ. ಉಪಾಧ್ಯಾಯರು ವಿಭಕ್ತಿಪಾಠವನ್ನು ಈ ಪ್ರಶ್ನೆಗಳಿಂದಲೇ ಹೇಳಿಕೊಡುವುದು ಹಳೆಯ ಪದ್ಧತಿ.

ಕಾರಕನಿರ್ಣಯವಾದಮೇಲೆ ರೂಪಸಿದ್ಧಿಯ ಕೆಲಸ. ಚತುರ್ಥಿಯೊಂದನ್ನೇ ತೆಗೆದುಕೊಂಡರೂ ಮನೆಗೆ, ಮರಕ್ಕೆ, ಅಮ್ಮನಿಗೆ, ಹಾಲಿಗೆ, ಹಸುವಿಗೆ ಎಂದು ಐದು ಬಗೆ. ಮರ ಮತ್ತು ಅಮ್ಮ ಎರಡೂ ಅಕಾರಾಂತಗಳಾದರೂ ಲಿಂಗಭೇದದಿಂದ ರೂಪಭೇದ. ಹಾಲು ಮತ್ತು ಹಸು ಎಂಬವು ಇನ್ನೂ ಕುತೂಹಲಕರ. ಎರಡೂ ಮಕ್ಕಳ ಫಲಕದಲ್ಲಿ ಇದ್ದೇ ಇರುವ ಪದಗಳು. ಎರಡೂ ಉಕಾರಾಂತಗಳಾಗಿ ತೋರುತ್ತವೆ. ಆದರೆ ಹಾಲಿನ ಉಕಾರವು ಈಚೆಗೆ ಸೇರಿದ್ದು. ಹಳಗನ್ನಡದಲ್ಲಿ ಅದು ‘ಪಾಲ್’ ಎಂಬ ವ್ಯಂಜನಾಂತ. ಹಸುವಿನ ಉಕಾರ ಹಾಗಲ್ಲ. ಆದುದರಿಂದಲೇ ಹಾಲಿಗೆ ಎಂಬಲ್ಲಿ ಉಕಾರ ಜಾರುತ್ತದೆ, ಹಸುವಿಗೆ ಎಂಬಲ್ಲಿ ವಕಾರವನ್ನು ತಂದುಕೊಂಡು ನಿಲ್ಲುತ್ತದೆ. ಊರು, ಕಾಲು, ಕಣ್ಣು ಎಂಬವು ಹಾಲಿನ ಗುಂಪಿಗೂ, ಮಗು, ಗುರು ಎಂಬವು ಹಸುವಿನ ಗುಂಪಿಗೂ ಸೇರುತ್ತವೆ. ಫೋನಿನ ಯಂತ್ರವು ‘ಹಸಿಗೆ’ ಎಂದು ತಪ್ಪದಿರಬೇಕಾದರೆ ಅದಕ್ಕೆ ಈ ಭೇದವನ್ನು ಕಲಿಸಿರಬೇಕು. ಕಲಿಸತಕ್ಕವರಿಗೆ ಹಳಗನ್ನಡ ತಿಳಿದಿರಬೇಕು. ಶಬ್ದಮಣಿದರ್ಪಣದ ಸಂಧಿ ಮತ್ತು ನಾಮಪ್ರಕರಣಗಳಿಗೂ, 1604ರ ಭಟ್ಟಾಕಳಂಕನ ಶಬ್ದಾನುಶಾಸನಕ್ಕೂ ಇಂಥದೊಂದು ಪ್ರಯೋಜನವಿದೆಯೆಂದು ಅವುಗಳನ್ನು ಪಾಠಹೇಳುವವರು ತಮ್ಮ ವಿದ್ಯಾರ್ಥಿಗಳಿಗೆ ತಿಳಿಸಬಹುದು. ಹಾಗೆಂದು ಆ ಗ್ರಂಥಗಳನ್ನು ಕಣ್ಣುಮುಚ್ಚಿ ಯಂತ್ರಕ್ಕೆ ತುಂಬುವುದೂ ಕೂಡದು. ಸಂಸ್ಕೃತದ ಅಚ್ಚಿನಲ್ಲಿ ಏಳು ವಿಭಕ್ತಿಗಳನ್ನು ಎಣಿಸಿದ್ದು ಕನ್ನಡಕ್ಕೆ ಒಗ್ಗುವುದಿಲ್ಲವೆಂದು ಡಿ. ಎನ್. ಶಂಕರಭಟ್ಟರು ವಾದಿಸಿರುವುದು ಸುಪ್ರಸಿದ್ಧ. ಪಂಚಮಿಯ ಮಟ್ಟಿಗಂತೂ ಅವರ ವಾದ ಫಲಕದಲ್ಲಿ ತಾನಾಗಿಯೇ ಸಿದ್ಧಿಸುತ್ತದೆ: ‘ದೆಸೆಯಿಂದ’ ಎಂಬ ಗುಂಡಿಯನ್ನು ಯಾವ ಮಗುವೂ ಮುಟ್ಟಲಾರದು.

ಈ ವಿಚಾರಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಮಗುವಿಗೆ ಮೊದಲು ನೀರು ಸಿಗಲಿ, ವಿಭಕ್ತಿ ಆಮೇಲೆ ಸಿಕ್ಕೀತು ಎಂಬುದು ಅದರ ಸಾರ. ಕೆಲಸದ ಭಾರದಲ್ಲಿ ಬಳಲಿದ ಉಪಾಧ್ಯಾಯರ ಬಾಯಲ್ಲಿ ಈ ಮಾತು ಬಂದರೆ ಅದನ್ನು ಹಗುರವಾಗಿ ತಳ್ಳಲಾಗದು; ಒಂದೇ ಪದದಿಂದ ಆರಂಭಿಸಬೇಕಾದ ಮಕ್ಕಳೂ ಇದ್ದಾರೆ. ಆದರೆ ಮಾತು ಬಲ್ಲ ಮಗುವಿಗೆ ಯಾರೂ ಮೊದಲು ವಿಭಕ್ತಿಯಿಲ್ಲದ ಕನ್ನಡವನ್ನು ಕಲಿಸಿ ಆಮೇಲೆ ತಿದ್ದುವುದಿಲ್ಲ. ಅದರ ಕಿವಿಯ ಮೇಲೆ ಬೀಳುವುದೇ ಶುದ್ಧರೂಪ. ಅದು ತನಗೆ ಸಾಧ್ಯವಾದಷ್ಟನ್ನು ಎತ್ತಿಕೊಳ್ಳುತ್ತದೆ. ಫಲಕದ ಮಗುವಿಗೂ ಹಾಗೆಯೇ, ಹಿರಿಯರು ತಾವು ಮಾತನಾಡುತ್ತ ಫಲಕವನ್ನು ಮುಟ್ಟಿ ತೋರಿಸಬೇಕೆಂದು ತಜ್ಞರು ಹೇಳುತ್ತಾರೆ. ‘ನನಗೆ’ ಎಂಬ ಗುಂಡಿಯೇ ಇಲ್ಲದ ಫಲಕದಲ್ಲಿ ಹಿರಿಯರು ಮುಟ್ಟಿ ತೋರಿಸುವುದಾದರೂ ಏನನ್ನು? ಯಂತ್ರವನ್ನು ಕೊಟ್ಟರೆ ಇರುವ ಅಲ್ಪಸ್ವಲ್ಪ ಮಾತೂ ಹೋದೀತೆಂಬ ಭಯ ತಂದೆತಾಯಿಗಳಲ್ಲಿ ಸಾಮಾನ್ಯ. ಮಿಲರ್, ಲೈಟ್, ಶ್ಲೋಸರ್ ಎಂಬವರು 2006ರಲ್ಲಿ ಪ್ರಕ್ಟಿಸಿದ ಸಮೀಕ್ಷೆಯಲ್ಲಿ ಪರಿಶೀಲಿಸಿದ 27 ಮಂದಿಯಲ್ಲಿ ಯಾರಿಗೂ ಮಾತು ಕಡಿಮೆಯಾಗಲಿಲ್ಲ. ಹೆಚ್ಚಿನವರಲ್ಲಿ ಸ್ವಲ್ಪವಾದರೂ ಹೆಚ್ಚಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಸಂವಹನವೆಂಬ ಪದವನ್ನು ವಿವರಿಸುವಾಗ ಇಂಥ ಪರ್ಯಾಯ ಸಾಧನಗಳನ್ನು ಸೇರಿಸಿಯೇ ವಿವರಿಸಿದೆ. ಸಂವಹನವೆಂದು ಕಾನೂನು ಒಪ್ಪಿದಮೇಲೆ, ಅದು ಯಾವ ಭಾಷೆಯ ಸಂವಹನವೆಂದು ಕೇಳುವುದು ಅತಿಯಾಗಲಾರದು.

ಕನ್ನಡವೆಂದರೆ ಯಾವ ಕನ್ನಡ ಎಂಬ ಪ್ರಶ್ನೆಯೂ ಉಳಿದಿದೆ. ಮೈಸೂರಿನ ಮನೆಯಲ್ಲಿ ‘ನಂಗೆ’, ಧಾರವಾಡದಲ್ಲಿ ‘ನನಗ’. ಅಲ್ಲಿ ‘ಬೇಡ’, ಇಲ್ಲಿ ‘ಬ್ಯಾಡ’ ಅಥವಾ ‘ಒಲ್ಲೆ’. ಒಲ್ಲೆ ಎಂಬುದು ಹಳೆಯ ನಿಷೇಧಕ್ರಿಯಾಪದ. ಪಂಪನ ಕಾಲದಿಂದ ಬಂದದ್ದು ಉತ್ತರದ ಮಕ್ಕಳ ಬಾಯಲ್ಲಿ ಇನ್ನೂ ಜೀವಂತವಾಗಿದೆ. ಅಪ್ಪ ಬಂದ ಎನ್ನುವ ಮನೆಗಳಿವೆ, ಅಪ್ಪ ಬಂದರು ಎನ್ನುವ ಮನೆಗಳಿವೆ. ಗ್ರಂಥಸ್ಥ ರೂಪವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಮಗು ತನ್ನ ಮನೆಯಲ್ಲಿಯೇ ಪುಸ್ತಕ ಓದುವವನಂತೆ ಮಾತನಾಡಬೇಕಾಗುತ್ತದೆ. ಹೆಚ್ಚಿನ ಆ್ಯಪ್‌ಗಳಲ್ಲಿ ಗುಂಡಿಯ ಮೇಲೆ ಕಾಣುವ ಬರಹ ಒಂದು, ಯಂತ್ರ ಉಚ್ಚರಿಸುವ ಬರಹ ಇನ್ನೊಂದು ಆಗಿರುವಂತೆ ಮನೆಯವರೇ ತಿದ್ದಿಕೊಳ್ಳಬಹುದು. ಈ ಸೌಕರ್ಯವನ್ನು ಬಳಸಿ ‘ನನಗೆ’ ಎಂಬುದರ ಹಿಂದೆ ‘ನನಗ’ ಎಂದು ಬರೆದಿಡಲು ಅಡ್ಡಿಯಿಲ್ಲ.

ಸಂಬೋಧನದ ವಿಷಯದಲ್ಲಿಯೂ ಅದೇ ಉಪಾಯವನ್ನು ಹೂಡಬೇಕು. ಕರೆಯುವ ಅರ್ಥವನ್ನು ಪ್ರಥಮೆಯಲ್ಲಿಯೇ ಅಡಗಿಸುವುದು ಸಂಸ್ಕೃತದ ರೂಢಿಯಾದರೂ ಕನ್ನಡದ ಕಿವಿಗೆ ‘ಅಮ್ಮ’ ಬೇರೆ, ‘ಅಮ್ಮಾ’ ಬೇರೆ. ಮೊದಲನೆಯದು ಹೆಸರಿಸುತ್ತದೆ, ಎರಡನೆಯದು ಕರೆಯುತ್ತದೆ. ಭೇದವೆಲ್ಲ ಕೊನೆಯ ಸ್ವರದ ಮಾತ್ರೆಯಲ್ಲಿದೆ. ತಾಯಿಯ ಚಿತ್ರದ ಗುಂಡಿಯಲ್ಲಿ ‘ಅಮ್ಮ’ ಎಂದಷ್ಟೇ ಇದ್ದರೆ, ಮಗು ಎಷ್ಟು ಸಲ ಮುಟ್ಟಿದರೂ ಯಂತ್ರವು ಪಾಠ ಒಪ್ಪಿಸುವಂತೆ ಆ ಹೆಸರನ್ನು ಹೇಳುತ್ತಿರುತ್ತದೆ, ಅಡುಗೆಮನೆಯಲ್ಲಿರುವ ತಾಯಿ ತನ್ನನ್ನು ಕರೆಯುತ್ತಿದೆಯೆಂದು ತಿಳಿಯದೆ ಇದ್ದುಬಿಡಬಹುದು. ಆ ಚಿತ್ರಕ್ಕೆ ಎರಡು ಗುಂಡಿಗಳು ಬೇಕು; ಒಂದರಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ.